ಮಾಣಿಕ ಮಾಸ್ತರರ ಅರ್ಧ ನಿಮಿಷ

ಭಾಲ್ಕಿಯ ಸ್ಟೇಶನ್ ರಸ್ತೆಯಲ್ಲಿ ಒಂದು ಅಂಗಡಿಯಿದೆ. ಬಾಗಿಲು ಒಂದೇ, ಫಲಕ ಎರಡು. ಎಡಗಡೆಯ ತಗಡಿನ ಮೇಲೆ ಮಾಸಿದ ಹಸಿರು ಅಕ್ಷರಗಳಲ್ಲಿ ‘ಮಾಣಿಕ ಹಾರ್ಮೋನಿಯಂ ರಿಪೇರಿ’ ಎಂದಿದೆ. ಬಲಗಡೆಯ ಹೊಳೆಯುವ ಫ್ಲೆಕ್ಸ್ ಮೇಲೆ ‘ಆಮ್ರಪಾಲಿ ಮನೆ ಡಿಸೈನ್, 3ಡಿ ಎಲಿವೇಶನ್’ ಎಂದಿದೆ. ಒಂದು ಅಪ್ಪನದು, ಇನ್ನೊಂದು ಮಗಳದು. ಬೆಳಗಿನ ಬಿಸಿಲು ಮೊದಲು ಮಗಳ ಮೇಜಿನ ಮೇಲೆ ಬೀಳುತ್ತದೆ. ಮಧ್ಯಾಹ್ನದ ಹೊತ್ತಿಗೆ ನಿಧಾನವಾಗಿ ಅಪ್ಪನ ಚಾಪೆಗೆ ಇಳಿದು, ಬಿಚ್ಚಿಟ್ಟ ಪೇಟಿಯ ಹಿತ್ತಾಳೆಯ ಮೇಲೆ ಸ್ವಲ್ಪ ಹೊತ್ತು ಕೂತು, ಹೇಳದೆ ಕೇಳದೆ ಎದ್ದು ಹೋಗುತ್ತದೆ. ಪೇಟಿ ಅಂದರೆ ನಮ್ಮ ಕಡೆ ಹಾರ್ಮೋನಿಯಂ.

ಮಾಣಿಕ ಮಾಸ್ತರರಿಗೆ ಈಗ ಅರವತ್ತೆರಡು. ಮಾಸ್ತರರು ಎಂದರೆ ಶಾಲೆಯ ಮಾಸ್ತರರಲ್ಲ. ಒಂದು ದಿನವೂ ಯಾರಿಗೂ ಪಾಠ ಹೇಳಿದವರಲ್ಲ. ಪೇಟಿಯ ಸ್ವರ ಸರಿಮಾಡುವವರನ್ನು ಜನ ಹಾಗೆ ಕರೆದರು, ಅವರು ಓಗೊಟ್ಟರು, ಅಷ್ಟೆ. ಹುಟ್ಟಿದ್ದು ಖಟಕ ಚಿಂಚೋಳಿಯಲ್ಲಿ. ಆ ಕಾಲದಲ್ಲಿ ಊರ ಭಜನೆಯ ಪೇಟಿಯನ್ನು ಅವರ ಓಣಿಯವರು ಮುಟ್ಟುವಂತಿರಲಿಲ್ಲ. ಕೇಳುವುದನ್ನು ಮಾತ್ರ ಯಾರಿಗೂ ತಡೆಯಲಾಗಿರಲಿಲ್ಲ. ಎಂಟು ವರ್ಷದ ಮಾಣಿಕ ಗೋಡೆಯ ಹೊರಗೆ ಬೆನ್ನು ಹಚ್ಚಿ ಕೂತು ಪ್ರತಿ ಸೋಮವಾರ ಕೇಳಿದ. ಮೂರನೆಯ ಸೋಮವಾರ ಅವನಿಗೆ ಗೊತ್ತಾಯಿತು, ಒಳಗಿನ ಪೇಟಿಯ ಒಂದು ಸ್ವರ ಅಳುತ್ತಿದೆ ಎಂದು. ಒಳಗೆ ನುಡಿಸುತ್ತಿದ್ದವರಿಗೇ ಅದು ಗೊತ್ತಿರಲಿಲ್ಲ.

ಆಮೇಲೆ ಬೀದರಿನಲ್ಲಿ, ಕವ್ವಾಲರ ಪೇಟಿ ದುರಸ್ತಿ ಮಾಡುತ್ತಿದ್ದ ಮುದುಕನೊಬ್ಬನ ಕೈಕೆಳಗೆ ಹನ್ನೊಂದು ವರ್ಷ ಕಳೆದರು. ಭಾಲ್ಕಿಗೆ ಬಂದು ಅಂಗಡಿ ಹಾಕಿದ ಎರಡನೆಯ ವರ್ಷ, ಆ ಭಜನೆಯ ಪೇಟಿಯೇ ಅವರ ಚಾಪೆಗೆ ಬಂತು. ಮಾಸ್ತರರು ಬಿಚ್ಚಿದರು, ಅಳುತ್ತಿದ್ದ ಸ್ವರವನ್ನು ಹುಡುಕಿ ಸಮಾಧಾನ ಮಾಡಿ ಕಳಿಸಿದರು. ತಂದವರ ಹತ್ತಿರ ಹಳೆಯದೇನನ್ನೂ ಆಡಲಿಲ್ಲ. ಈ ಮನುಷ್ಯನಿಗೆ ಅನ್ನ, ಮಾನ, ಗೆಳೆತನ ಎಲ್ಲವೂ ಬಂದದ್ದು ಕಿವಿಯ ದಾರಿಯಿಂದ. ಇಷ್ಟು ತಿಳಿದಿದ್ದರೆ ಮುಂದಿನದು ಅರ್ಥವಾಗುತ್ತದೆ.

ಪೇಟಿಯ ಕೆಲಸ ಹೀಗೆ. ಪ್ರತಿಯೊಂದು ಸ್ವರಕ್ಕೂ ಹಿತ್ತಾಳೆಯ ಎರಡು ಸಣ್ಣ ರೀಡುಗಳಿರುತ್ತವೆ. ಎರಡೂ ಕೂಡಿ ಒಂದೇ ದನಿಯಾಗಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ವೋಂವ್ ವೋಂವ್ ಎಂದು ಅಲೆ ಏಳುತ್ತದೆ. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಸಣ್ಣ ಅರದಿಂದ ಕೆರೆಯಬೇಕು, ತಿದಿ ಒತ್ತಬೇಕು, ಕೇಳಬೇಕು. ಅಲೆ ನಿಧಾನವಾಗಿ ಉದ್ದವಾಗುತ್ತ ಬಂದು ಕೊನೆಗೆ ಇಲ್ಲವಾಗುತ್ತದೆ. ಎರಡು ಒಂದಾಗುವ ಆ ಗಳಿಗೆಯಲ್ಲಿ ಮಾಸ್ತರರ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಸ್ವರ ಅಳೆಯುವ ಆ್ಯಪನ್ನು ಮಗಳು ಫೋನಿಗೆ ಹಾಕಿ ಕೊಟ್ಟಿದ್ದಳು. ಆದರೆ ಅದು ಸರಿ ಎಂದ ಕಡೆಯಲ್ಲಿ ಮಾಸ್ತರರ ಕಿವಿ ಇನ್ನೂ ಸ್ವಲ್ಪ ಎನ್ನುತ್ತಿತ್ತು. ಹಾಡುವ ಮಂದಿ ನಂಬಿದ್ದು ಕಿವಿಯನ್ನೇ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಆಮ್ರಪಾಲಿ ತನ್ನ ಕಂಪ್ಯೂಟರಿಗೆ, ಪರದೆಯ ಚಿತ್ರ ಬಿಡಿಸುವ ಹೊಸ ಗ್ರಾಫಿಕ್ಸ್ ಕಾರ್ಡ್ ತಂದಳು. ಅವಳ ಕೆಲಸವೂ ಒಂದು ಬಗೆಯ ಕನಸಿನ ಕೆಲಸವೇ. ಇನ್ನೂ ಪಾಯ ತೋಡದ ಮನೆಯನ್ನು ಪರದೆಯ ಮೇಲೆ ಎಬ್ಬಿಸಿ, ಕಟ್ಟಿಸುವವರನ್ನು ಅದರೊಳಗೆ ನಡೆಸಿಕೊಂಡು ಹೋಗುತ್ತಾಳೆ. ಭಾತಂಬ್ರಾದ ರೈತ ದಂಪತಿ ಕೂತಲ್ಲೇ ತಮ್ಮ ಪಡಸಾಲೆ ದಾಟಿ, ಮೆಟ್ಟಿಲು ಹತ್ತಿ, ಮಾಳಿಗೆಯಿಂದ ತಮ್ಮದೇ ತೊಗರಿ ಹೊಲ ನೋಡಿ ಬಂದಿದ್ದರು. ಮಧ್ಯಾಹ್ನದ ಹೊತ್ತು ಕೆಲಸವಿಲ್ಲದಾಗ ಮಾಸ್ತರರೂ ಮಗಳ ಬೆನ್ನ ಹಿಂದೆ ನಿಂತು, ಎಲ್ಲೂ ಇಲ್ಲದ ಆ ಮನೆಗಳಲ್ಲಿ ಅಡ್ಡಾಡುತ್ತಿದ್ದರು. ಅಲ್ಲಿ ಧೂಳಿರಲಿಲ್ಲ, ಕಿಟಕಿಗಳೆಲ್ಲ ತೆರೆದಿರುತ್ತಿದ್ದವು, ಬೆಳಕು ಯಾವಾಗಲೂ ಬೆಳಗಿನ ಒಂಬತ್ತು ಗಂಟೆಯದು. ಅವರಿಗೆ ಅಲ್ಲಿಂದ ಹೊರಬರಲು ಮನಸ್ಸಾಗುತ್ತಿರಲಿಲ್ಲ.

ಹೊಸ ಕಾರ್ಡಿನಲ್ಲಿ ಮೊದಲ ಮನೆ ತೆರೆದಾಗಲೇ ಒಂದು ಸದ್ದು ಎದ್ದಿತು. ಸಣ್ಣಗೆ, ತೆಳ್ಳಗೆ, ಚಿಂಯ್ ಎಂದು. ಪರದೆಯ ಮನೆಯಲ್ಲಿ ಬರಿಯ ಗೋಡೆಯ ಕಡೆ ಮುಖ ಮಾಡಿದರೆ ಏರುತ್ತಿತ್ತು. ಗಿಡಮರ ತುಂಬಿದ ಅಂಗಳದ ಕಡೆ ತಿರುಗಿದರೆ ಇಳಿಯುತ್ತಿತ್ತು.

ಆಮ್ರಪಾಲಿ ಕೈ ನಿಲ್ಲಿಸಿ ಅಪ್ಪನತ್ತ ತಿರುಗಿದಳು. “ಪಪ್ಪಾ, ನಿಮಗೂ ಕೇಳ್ಸಲತ್ತದೇನ್ರಿ?”

“ಕೇಳ್ಸಲತ್ತದ,” ಎಂದರು ಮಾಸ್ತರರು. “ನಿನಗೂ ಕೇಳ್ಸಲತ್ತದಲ್ಲ?”

ಆ ಪ್ರಶ್ನೆಯಲ್ಲಿ ಎಂಥ ಸಂತೋಷವಿತ್ತೆಂದರೆ, ಮಗಳಿಗೆ ವಿಚಿತ್ರವೆನಿಸಿತು. ಸಾಮಾನು ತಂದ ಮೊದಲ ದಿನವೇ ಅದು ಕೊಂಯ್‌ಗುಟ್ಟಿದರೆ ಯಾರಿಗಾದರೂ ಖುಷಿಯಾಗುತ್ತದೆಯೇ?

ಮಾಸ್ತರರಿಗೆ ಆಗಿತ್ತು. ಕಾರಣವನ್ನು ಅವರು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದರು. ಮಳೆಗಾಲದಿಂದ ಅವರಿಗೆ ಒಂದು ತೆಳ್ಳನೆಯ ಸದ್ದು ಕೇಳಿಸುತ್ತಿತ್ತು. ಮೊದಲು ಟ್ಯೂಬ್‌ಲೈಟಿನದೆಂದುಕೊಂಡು ಟ್ಯೂಬ್‌ಲೈಟ್ ಬದಲಿಸಿದರು. ಆಮೇಲೆ ಪಕ್ಕದ ಅಂಗಡಿಯ ಫ್ರಿಜ್ಜನ್ನು ಸಂಶಯಿಸಿದರು. ಗೋಡೆಯಲ್ಲಿ ಜೀರುಂಡೆ ಸೇರಿದೆಯೆಂದು ಬಿರುಕಿಗೆ ಬೇವಿನ ಎಣ್ಣೆ ಸುರಿದರು. ಯಾರಿಗೂ ಹೇಳಲಿಲ್ಲ, ಹೆಂಡತಿ ಕೇಶರಬಾಯಿಗೆ ಕೂಡ. ಪೇಟಿ ಮಾಸ್ತರರಿಗೆ ಇಲ್ಲದ ಸದ್ದು ಕೇಳಿಸುತ್ತದೆ ಎಂಬ ಮಾತು ಸ್ಟೇಶನ್ ರಸ್ತೆಯಿಂದ ಔರಾದ ಮುಟ್ಟಲು ಎಷ್ಟು ಹೊತ್ತು ಬೇಕು? ಈಗ ಮಗಳಿಗೂ ಕೇಳಿಸುವ ಸದ್ದು ಸಿಕ್ಕಿತ್ತು. ಹಳೆಯ ಕಾರ್ಡೂ ಸಣ್ಣಗೆ ಹಾಡುತ್ತಿದ್ದಿರಬೇಕು, ಹೊಸದು ದೊಡ್ಡದಾಗಿ ಹಾಡುತ್ತಿದೆ ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು, ಆ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದರು.

ಕಾರ್ಡು ಕೊಂಡದ್ದು ಬೀದರಿನ ಅಜರನ ಅಂಗಡಿಯಲ್ಲಿ. ಆಮ್ರಪಾಲಿ ಅವನಿಗೆ ಫೋನ್ ಮಾಡಿದಳು.

“ಕಾಯಿಲ್ ವೈನ್ ಅಂತಾರ ಅಕ್ಕಾ ಅದಕ,” ಎಂದ ಅಜರ. “ಒಳಗ ಸಣ್ಣ ಸಣ್ಣ ತಾಮ್ರದ ಸುರುಳಿ ಇರ್ತಾವ. ಕರೆಂಟ್ ಜೋರ್ ಹರಿದ್ರ ಅದುರ್ತಾವ, ಅದೇ ಆವಾಜ್. ಖರಾಬ್ ಏನಾಗಿಲ್ಲ. ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸಬೇಕಂತ ಒಂದು ಲಿಮಿಟ್ ಹಾಕ್ರಿ, ಸುಮ್ಕಾಗ್ತದ.”

ಅವಳು ಲಿಮಿಟ್ ಹಾಕಿದಳು. ಇನ್ನೂರರ ಮೇಲೆ ಓಡುತ್ತಿದ್ದುದನ್ನು ಅರವತ್ತಕ್ಕೆ ತಂದಳು. ಕರೆಂಟಿನ ಎಳೆತವನ್ನೂ ಸ್ವಲ್ಪ ತಗ್ಗಿಸಿದಳು. ಸದ್ದು ಸಣ್ಣಗಾಗಿ, ಫ್ಯಾನಿನ ಗಾಳಿಯೊಳಗೆ ಕರಗಿತು. ಅವಳ ಮಟ್ಟಿಗೆ ಕೆಲಸ ಮುಗಿಯಿತು.

“ಈಗ ಹ್ಯಾಂಗದರಿ?”

“ಹಂಗೇ ಅದ,” ಎಂದರು ಮಾಸ್ತರರು.

ಅವಳು ಕಂಪ್ಯೂಟರಿನ ಪಕ್ಕದ ಹಲಗೆ ತೆಗೆದು ಕಿವಿಯಿಟ್ಟಳು. ಏನೂ ಇಲ್ಲ. ಅಪ್ಪನ ಕಿವಿ ತನ್ನ ಕಿವಿಗಿಂತ ಹತ್ತು ಪಾಲು ಸೂಕ್ಷ್ಮ ಎಂದು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವಳು, ತನಗೆ ಕೇಳದ್ದು ಅವರಿಗೆ ಕೇಳುತ್ತಿದೆ ಎಂದೇ ನಂಬಿದಳು. ಆ ನಂಬಿಕೆಯೇ ಇಬ್ಬರನ್ನೂ ಇನ್ನಷ್ಟು ದಿನ ದಾರಿ ತಪ್ಪಿಸಿತು.

ಒಂದು ಭಾನುವಾರ ಆಮ್ರಪಾಲಿ ಇನ್ನೊಂದು ಮನೆಯ ಅಳತೆ ತೆಗೆಯಲು ಭಾತಂಬ್ರಾಕ್ಕೆ ಹೋದಳು. ಮಾಸ್ತರರ ತಲೆಯಲ್ಲಿ ಅಜರನ ಒಂದು ಮಾತು ಸುತ್ತುತ್ತಿತ್ತು: ಸುರುಳಿ ಅದುರುತ್ತದೆ. ಅದುರುವುದು ಅಂದರೆ ಅವರಿಗೆ ಗೊತ್ತಿಲ್ಲದ್ದೇ? ರೀಡಿನ ಪಟ್ಟಿ ಸಡಿಲವಾಗಿ ಜುಂಯ್‌ಗುಟ್ಟಿದರೆ ಜೇನುಮೇಣಕ್ಕೆ ಸ್ವಲ್ಪ ರಾಳ ಬೆರೆಸಿ, ಕಾಯಿಸಿ, ಅಂಚಿಗೆ ಹಚ್ಚುತ್ತಾರೆ. ಮರುಕ್ಷಣ ಬಾಯಿ ಮುಚ್ಚುತ್ತದೆ. ನಲವತ್ತು ವರ್ಷದಿಂದ ಎಷ್ಟು ಪೇಟಿಗಳಿಗೆ ಹಚ್ಚಿದ್ದಾರೋ. ಅವರು ಕಾರ್ಡನ್ನು ಹೊರತೆಗೆದರು, ಸಣ್ಣ ಸ್ಕ್ರೂಗಳನ್ನು ಬಟ್ಟಲಲ್ಲಿಟ್ಟರು, ಕನ್ನಡಕ ಹಣೆಗೇರಿಸಿ, ಸುರುಳಿಗಳನ್ನು ಒಳಗಿಟ್ಟುಕೊಂಡ ಬೂದು ಬಣ್ಣದ ಪುಟ್ಟ ಚೌಕಗಳ ಸುತ್ತ ಕಡ್ಡಿಯಿಂದ ಮೇಣ ಹಚ್ಚಿದರು. ಬಹಳ ಚೊಕ್ಕವಾದ ಕೆಲಸ. ಕಾರ್ಡನ್ನು ತಿರುಗಿ ಕೂರಿಸಿ, ಕೈ ತೊಳೆದುಕೊಂಡು, ಮಗಳಿಗೆ ಆಶ್ಚರ್ಯವಾಗಲಿ ಎಂದು ಸುಮ್ಮನಿದ್ದರು.

ಆಶ್ಚರ್ಯವೇನೋ ಆಯಿತು. ಸೋಮವಾರ ಕೆಲಸ ಶುರುವಾಗಿ ಒಂದು ಗಂಟೆಗೆ ಅಂಗಡಿಯ ತುಂಬ ಜೇನುಗೂಡಿನ ವಾಸನೆ ಹರಡಿತು. ಪರದೆಯ ಮೇಲಿನ ಮನೆ ಕಿಟಕಿ ಬಾಗಿಲು ಸಮೇತ ಕಪ್ಪಾಯಿತು. ಆಮ್ರಪಾಲಿ ಹಲಗೆ ತೆಗೆದು ನೋಡಿದಳು. ಮೇಣ ಕರಗಿ ಫ್ಯಾನಿಗೆಲ್ಲ ಇಳಿದಿತ್ತು. ಅವಳು ಮೊದಲು ನಕ್ಕಳು, ಆಮೇಲೆ ತಲೆಯ ಮೇಲೆ ಕೈಹೊತ್ತು ಕೂತಳು.

“ಪಪ್ಪಾ, ಇದು ಪೇಟಿ ಅಲ್ರಿ. ಇದು ಕಾಯ್ತದ.”

“ಅದುರೋ ಜಾಗಕ್ಕ ಮೇಣ ಹಚ್ಚಬೇಕು,” ಎಂದರು ಮಾಸ್ತರರು ತಗ್ಗಿದ ದನಿಯಲ್ಲಿ. “ನನಗ ಗೊತ್ತಿದ್ದದ್ದು ಅಷ್ಟೇ ಅವ್ವಾ.”

ಮರುದಿನ ಇಬ್ಬರೂ ಕಾರ್ಡನ್ನೂ ಕಂಪ್ಯೂಟರನ್ನೂ ಎತ್ತಿಕೊಂಡು ಬೀದರಿನ ಬಸ್ಸು ಹತ್ತಿದರು. ಅಜರ ಕಾರ್ಡನ್ನು ಬಿಚ್ಚಿ, ಮೂಸಿ ನೋಡಿ, ಹಲ್ಲುಜ್ಜುವ ಬ್ರಶ್ಶಿನಿಂದ ಅರ್ಧ ದಿನ ತಿಕ್ಕಿದ. “ವಾರಂಟಿ ಹೋಯ್ತು ಚಾಚಾ. ಕಂಪನಿಯವರಿಗೆ ಇದನ್ನ ತೋರಿಸಿದ್ರ ಫೋಟೊ ತೆಗ್ದು ಗೋಡಿಗೆ ಹಾಕ್ತಾರ,” ಎಂದ. ಆದರೆ ಕಾರ್ಡು ಸತ್ತಿರಲಿಲ್ಲ. ಸದ್ದಿನ ಗೋಳನ್ನೂ ಇವತ್ತೇ ಮುಗಿಸೋಣವೆಂದು ಅವನು ಎಲ್ಲವನ್ನೂ ಹಿಂದಿನ ಕೋಣೆಗೆ ಒಯ್ದು, ಬಾಗಿಲು ಹಾಕಿ, ಕಂಪ್ಯೂಟರ್ ಚಾಲೂ ಮಾಡಿದ.

“ಈಗ ಕೇಳ್ರಿ ಚಾಚಾ. ಆವಾಜ್ ಅದ ಏನ್ರಿ?”

“ಅದ.”

ಅಜರ ಲಿಮಿಟ್ ತಗ್ಗಿಸಿದ. “ಈಗ?”

“ಸಣ್ಣಗ ಅದ.”

ಇನ್ನೂ ತಗ್ಗಿಸಿದ, ಪರದೆಯ ಮೇಲಿನ ಮನೆಯನ್ನೇ ಮುಚ್ಚಿದ. “ಈಗರಿ?”

“ಅದ.”

ಅಜರ ಆಮ್ರಪಾಲಿಯ ಮುಖ ನೋಡಿದ. ಅವಳು ಅವನ ಮುಖ ನೋಡಿದಳು. ಆಮೇಲೆ ಅವನು ಬಗ್ಗಿ, ಗೋಡೆಯಿಂದ ಪ್ಲಗ್ಗು ಕಿತ್ತ. ಫ್ಯಾನುಗಳು ತಿರುಗಿ ತಿರುಗಿ ನಿಂತವು. ಕೆಂಪು ದೀಪ ಆರಿತು.

“ಈಗರಿ ಚಾಚಾ?”

ಮಾಸ್ತರರು ಪ್ಲಗ್ಗಿನತ್ತ ನೋಡಿದರು. ಸದ್ದು ಹಾಗೆಯೇ ಇತ್ತು. ಅದೇ ಎತ್ತರ, ಅದೇ ತೆಳುವು, ಒಂದು ಎಳೆಯೂ ಕಡಿಮೆಯಾಗಿರಲಿಲ್ಲ. ಟ್ಯೂಬ್‌ಲೈಟಲ್ಲ, ಫ್ರಿಜ್ಜಲ್ಲ, ಜೀರುಂಡೆಯಲ್ಲ, ಕಾರ್ಡೂ ಅಲ್ಲ. ಬೆರಳು ಮಾಡಿ ತೋರಿಸಲು ಹೊರಗೆ ಇನ್ನೇನೂ ಉಳಿದಿರಲಿಲ್ಲ.

“ನಿಂತದ,” ಎಂದರು.

ಮಗಳು ಅವರ ಮುಖವನ್ನೇ ನೋಡುತ್ತಿದ್ದಳು. ಇಬ್ಬರೂ ಭಾಲ್ಕಿಯ ಬಸ್ಸು ಹತ್ತಿದರು. ಇಂಜಿನ್ನಿನ ಅಬ್ಬರದಲ್ಲಿ ಕಿವಿಯ ಸದ್ದು ಮುಳುಗಿ ಮಾಸ್ತರರಿಗೆ ಹಾಯೆನಿಸಿತು. ಕಿಟಕಿಯಾಚೆ ಬೀದರಿನ ಕೆಂಪು ಮಣ್ಣು ಮುಗಿದು ಕರಿ ಮಣ್ಣು ಶುರುವಾಯಿತು. ಕಬ್ಬಿನ ಟ್ರ್ಯಾಕ್ಟರುಗಳು ಹಿಂದೆ ಸರಿದವು. ಅವರಿಗೆ ಜೊಂಪು ಹತ್ತಿತು. ಜೊಂಪಿನಲ್ಲಿ ಅವರು ಮಗಳ ಪರದೆಯ ಮನೆಯೊಂದರಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದರು. ನೆಲ ತಣ್ಣಗಿತ್ತು. ಎಲ್ಲ ಕಿಟಕಿಗಳೂ ತೆರೆದಿದ್ದವು. ಎಲ್ಲಿಯೂ ಒಂದು ಸದ್ದೂ ಇರಲಿಲ್ಲ.

“ಯಾವಾಗಿಂದರಿ ಪಪ್ಪಾ?” ಎಂದು ಮಗಳು ಕೇಳಿದಾಗ ಎಚ್ಚರವಾಯಿತು.

“ಮಳಿಗಾಲದಿಂದ.” ಕಿವಿ ಮುಟ್ಟಿಕೊಂಡು ಹೇಳಿದರು, “ನನ್ನ ಹಂತೇಕ ಇರೋದು ಇದೊಂದೇ ಆಮ್ರಪಾಲಿ. ಇದು ಹೋದ್ರ ಪೇಟಿ ಹೋಯ್ತು.”

ಅವಳು ಅವರ ಕೈ ಮೇಲೆ ಕೈಯಿಟ್ಟಳು. ಆ ವಾರವೇ ಕಿವಿಯ ಡಾಕ್ಟರರ ಹತ್ತಿರ ಕರೆದೊಯ್ದಳು. ಡಾಕ್ಟರರು ಯಂತ್ರ ಹಚ್ಚಿ ನೋಡಿ, ವಯಸ್ಸಿನ ಸವೆತ, ಇದು ಹೋಗುವಂಥದ್ದಲ್ಲ, ರೂಢಿಯಾಗುತ್ತದೆ ಎಂದರು. ಒಳ್ಳೆಯ ಮನುಷ್ಯ, ಸುಳ್ಳು ಭರವಸೆ ಕೊಡಲಿಲ್ಲ. ಮಾಸ್ತರರಿಗೆ ಅವತ್ತು ಸುಳ್ಳು ಭರವಸೆಯೇ ಬೇಕಾಗಿತ್ತು.

ಇದರ ನಡುವೆ ಔರಾದದ ಸುಭದ್ರಾಬಾಯಿಯವರ ಪೇಟಿ ಬಂದು ಕೂತಿತ್ತು. ಸುಭದ್ರಾಬಾಯಿಯವರಿಗೆ ಎಪ್ಪತ್ತು ದಾಟಿದೆ. ಪ್ರತಿ ಸೋಮವಾರ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಶರಣರ ವಚನ ಹಾಡುತ್ತಾರೆ. ಮೂವತ್ತೊಂದು ವರ್ಷದ ಹಿಂದೆ ಮಾಸ್ತರರು ಮೊದಲ ಸಲ ಅವರ ಮನೆಗೆ ಪೇಟಿ ನೋಡಲು ಹೋದಾಗ ಹೊಸ್ತಿಲ ಹೊರಗೇ ನಿಂತಿದ್ದರು. ಸುಭದ್ರಾಬಾಯಿ ಒಳಗೆ ಕರೆದು, ತಮ್ಮ ಚಾಪೆಯನ್ನೇ ಸರಿಸಿ ಜಾಗ ಮಾಡಿ, ತಾವು ಕುಡಿಯುವ ಚೆಂಬಿನಲ್ಲೇ ನೀರು ಕೊಟ್ಟು, ಕೂತ ಹೆಂಗಸರಿಗೆಲ್ಲ ಕೇಳುವಂತೆ ಹೇಳಿದ್ದರು: “ಬಿಚ್ರಿ ಮಾಸ್ತರ. ನಿಮ್ಮನ್ನ ಬಿಟ್ರ ಇದಕ್ಕ ಇನ್ಯಾರೂ ಕೈ ಹಚ್ಚಂಗಿಲ್ಲ.” ಅಂದಿನಿಂದ ಬೇರೆ ಯಾರೂ ಹಚ್ಚಿರಲಿಲ್ಲ. ಅವರ ದನಿಯ ಕರಿ ಎರಡು, ಅಂದರೆ ಅವರು ಹಾಡಲು ಹಿಡಿಯುವ ಎರಡನೆಯ ಕಪ್ಪು ಕೀಲಿಯ ಸ್ವರ, ಮಾಸ್ತರರಿಗೆ ಅವರ ಮುಖದಷ್ಟೇ ಪರಿಚಿತ.

ಆ ಪೇಟಿಯನ್ನು ಮಾಸ್ತರರು ಸರಿಮಾಡಿದ್ದರು, ಸರಿಮಾಡಿದ್ದೇನೆ ಎಂದುಕೊಂಡಿದ್ದರು. ಕೆಳಗಿನ ಸ್ವರಗಳು ತೊಂದರೆ ಕೊಡಲಿಲ್ಲ. ಮೇಲೆ ಹೋದಂತೆ ಎರಡು ರೀಡುಗಳ ನಡುವಿನ ಅಲೆ ಕಿವಿಯ ಸದ್ದಿನೊಳಗೆ ಕಳೆದುಹೋಗುತ್ತಿತ್ತು. ಇರಬಹುದು ಎನ್ನುವ ಕಡೆ ಅರ ನಿಲ್ಲಿಸಿದ್ದರು. ಇರಬಹುದು ಎಂಬ ಪದ ಅವರ ಚಾಪೆಯ ಮೇಲೆ ಹಿಂದೆಂದೂ ಕೂತಿರಲಿಲ್ಲ. ಆ್ಯಪನ್ನೂ ಕದ್ದು ನೋಡಿದ್ದರು. ಅದು ಎಲ್ಲಕ್ಕೂ ಹಸಿರು ದೀಪ ತೋರಿಸಿತ್ತು.

ಸುಭದ್ರಾಬಾಯಿ ಬಂದು ಕೂತು, ತಿದಿ ಒತ್ತಿ, ಕೆಳಗಿನಿಂದ ಮೇಲಿನವರೆಗೆ ಒಂದೊಂದೇ ಸ್ವರ ಹಿಡಿದರು. ಕೊನೆಯಲ್ಲಿ ಬೆರಳು ನಿಂತಿತು.

“ಮಾಸ್ತರ, ಮ್ಯಾಲಿನ ಮೂರು ಜಗಳ ಆಡ್ಲತ್ತಾವರಿ.”

ಮೂವತ್ತೊಂದು ವರ್ಷದಲ್ಲಿ ಅವರು ಅಂಥ ಮಾತು ಆಡಿದ್ದು ಇದೇ ಮೊದಲು. ಮಾಸ್ತರರಿಗೆ ತಲೆಯೆತ್ತಲಾಗಲಿಲ್ಲ. ನಾಚಿಕೆ, ಅದಕ್ಕಿಂತ ಹೆಚ್ಚಾಗಿ ಭಯ. “ಅಕ್ಕಾ, ಲಾತೂರಿನಾಗ ಒಬ್ರು ಛಲೋ ಮಾಡ್ತಾರ. ಅಲ್ಲಿಗಿ ಒಯ್ರಿ,” ಎಂದರು.

ಸುಭದ್ರಾಬಾಯಿ ಪೇಟಿಯ ಮುಚ್ಚಳ ಹಾಕಿದರು. “ಲಾತೂರಿನವರಿಗೆ ನನ್ನ ದನಿ ಗೊತ್ತೇನ್ರಿ? ಇದು ಇಲ್ಲೇ ಇರ್ಲಿ. ಬರೋ ಸೋಮವಾರ ಬರ್ತೇನಿ.” ಹೀಗೆಂದು ಎದ್ದು ಹೋದರು. ಒಂದು ವಾರದ ಗಡುವು ಬಿತ್ತು.

ಎರಡು ದಿನ ಮಾಸ್ತರರು ಪೇಟಿಯ ಮುಂದೆ ಸುಮ್ಮನೆ ಕೂತಿದ್ದರು. ಬುಧವಾರ ಮಧ್ಯಾಹ್ನ, ಬಿಸಿಲು ಚಾಪೆಗೆ ಇಳಿದಿತ್ತು. ಆಮ್ರಪಾಲಿ ದೊಡ್ಡದೊಂದು ಮನೆಯ ಕೆಲಸಕ್ಕಾಗಿ ಕಾರ್ಡಿನ ಲಿಮಿಟ್ ತೆಗೆದು, ಪೂರ್ತಿ ಓಡಲು ಬಿಟ್ಟಳು. ಮೇಣದ ಪ್ರಸಂಗದ ನಂತರ ಗಾಳಿಯಾಡಲೆಂದು ಕಂಪ್ಯೂಟರಿನ ಪಕ್ಕದ ಹಲಗೆ ಹಾಕಿರಲಿಲ್ಲ. ಕಂಪ್ಯೂಟರು ನೆಲದ ಮೇಲೆ ಮಾಸ್ತರರ ಚಾಪೆಗೆ ತಾಗಿಯೇ ಇತ್ತು. ಕಾರ್ಡು ಚಿಂಯ್ ಎಂದು ಹಾಡಿತು. ಮಾಸ್ತರರು ಗೋಡೆಗೊರಗಿ, ಬೇಡವೆನ್ನಲೂ ಮನಸ್ಸಿಲ್ಲದೆ, ಒಂದು ನಿಮಿಷ ಕೇಳಿಸಿಕೊಂಡರು. ಅವಳು ಕೆಲಸ ಮುಗಿಸಿ ನಿಲ್ಲಿಸಿದಳು.

ಆಗ ಎಲ್ಲ ನಿಂತಿತು.

ಮೊದಲು ಅವರಿಗೆ ಕಿವುಡು ಬಂತೆಂದು ಗಾಬರಿಯಾಯಿತು. ಆಮೇಲೆ ಗೋಡೆಯ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಹೊರಗೆ ತಳ್ಳುಗಾಡಿಯ ಒಂದು ಚಕ್ರ ಕಿರ್ರೆಂದಿತು. ಮಗಳು ಉಸಿರು ಬಿಟ್ಟದ್ದು, ಅವಳ ಬಳೆ ಮೇಜಿಗೆ ತಾಗಿದ್ದು, ದೂರದಲ್ಲಿ ಸ್ಟೇಶನ್ನಿನ ಬೇವಿನ ಮರದಲ್ಲಿ ಗಿಳಿಗಳ ಗದ್ದಲ ಕೇಳಿಸಿತು. ಎಲ್ಲವೂ ತೊಳೆದಿಟ್ಟ ಹಾಗೆ. ಅವರು ಅಲುಗಾಡಲಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲಿಂದಲೋ ನಡೆದು ಬಂದಂತೆ ಕಿವಿಯ ಸದ್ದು ತಿರುಗಿ ಬಂದು ತನ್ನ ಜಾಗದಲ್ಲಿ ಕೂತಿತು.

“ಏನ್ ಮಾಡಿದಿ?” ಎಂದರು ಮಾಸ್ತರರು.

“ಏನಿಲ್ಲರಿ. ಯಾಕ?”

“ಮತ್ತ ಮಾಡು. ಹಂಗೇ ಮಾಡು.”

ಮತ್ತೆ ಮಾಡಿದರೆ ಮತ್ತೆ ಹಾಗೇ ಆಯಿತು, ಆದರೆ ನಿಶ್ಶಬ್ದ ಮೊದಲಿಗಿಂತ ಕಡಿಮೆ ಹೊತ್ತು ನಿಂತಿತು. ಆಮ್ರಪಾಲಿಗೆ ಅಪ್ಪ ವಿವರಿಸಿ ಹೇಳುವ ಮೊದಲೇ ವಿಷಯ ಹೊಳೆಯಿತು: ಕಾರ್ಡಿನ ಸದ್ದು ನಿಂತರೆ ಕಿವಿಯ ಸದ್ದೂ ಸ್ವಲ್ಪ ಹೊತ್ತು ಅಡಗುತ್ತದೆ, ಎರಡರ ಎತ್ತರ ಕೂಡಿಸಿದರೆ ಇನ್ನಷ್ಟು ಹೊತ್ತು ಅಡಗೀತು. ಅವಳೂ ಆ ಚಾಪೆಯ ಮೇಲೆಯೇ ಬೆಳೆದವಳಲ್ಲವೇ. ಪರದೆಯ ಮನೆಯಲ್ಲಿ ಒಂದು ಬರಿಯ ಬಿಳಿ ಗೋಡೆಯ ಮುಂದೆ ನಿಂತುಕೊಂಡು, ಲಿಮಿಟ್ಟಿನ ಅಂಕಿಯನ್ನು ಒಂದೊಂದಾಗಿ ಬದಲಿಸತೊಡಗಿದಳು. ಅಂಕಿ ಏರಿದರೆ ಕಾರ್ಡಿನ ಸದ್ದು ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ಮಾಸ್ತರರು ಕಂಪ್ಯೂಟರಿನ ಬದಿಗೆ ಕಿವಿ ಹಚ್ಚಿ, ಒಂದು ಬೆರಳೆತ್ತಿದರು.

“ಏರ್ಸು. ಇನ್ನಾ. ಹಾಂ, ಹೆಚ್ಚಾಯ್ತು. ಇಳ್ಸು. ಒಂದ್ ಎಳಿ ಇಳ್ಸು.”

ಕಾರ್ಡಿನ ಸದ್ದು ಒಂದು ರೀಡು, ಕಿವಿಯ ಸದ್ದು ಇನ್ನೊಂದು ರೀಡು. ಇನ್ನೂರ ಹನ್ನೆರಡು ಎಂಬ ಅಂಕಿಗೆ ಬಂದಾಗ ಎರಡೂ ಒಂದಾದವು. ಯಾವುದು ಹೊರಗಿನದು, ಯಾವುದು ತಮ್ಮದು ಎಂದು ಗೊತ್ತಾಗಲಿಲ್ಲ. ಮಾಸ್ತರರ ಕಣ್ಣು ತಾನಾಗಿ ಮುಚ್ಚಿತು. ಆಮ್ರಪಾಲಿ ಅದನ್ನು ನೋಡಿದಳು. ಎಷ್ಟೋ ತಿಂಗಳಿಂದ ನೋಡಿರಲಿಲ್ಲ. ಒಂದು ನಿಮಿಷ ತಡೆದು ನಿಲ್ಲಿಸಿದಳು, ಫೋನಿನಲ್ಲಿ ಹೊತ್ತು ಅಳೆದಳು. ಮೂವತ್ತನಾಲ್ಕು ಸೆಕೆಂಡು ಅವಳ ಅಪ್ಪ ಗಿಳಿಗಳ ಗದ್ದಲ ಕೇಳುತ್ತ ಕೂತಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಮುಂದಿನ ಮೂರು ದಿನ ಅಂಗಡಿಗೆ ಬಂದವರಿಗೆ ಆ ಕೆಲಸ ಅರ್ಥವಾಗಿರಲಿಕ್ಕಿಲ್ಲ. ಮಗಳು ಖಾಲಿ ಗೋಡೆಯ ಚಿತ್ರ ನೋಡುತ್ತ ಕೂತಿರುತ್ತಾಳೆ, ಅಪ್ಪ ಕಂಪ್ಯೂಟರಿಗೆ ಕಿವಿ ಕೊಟ್ಟು ಮಲಗಿದಂತಿರುತ್ತಾರೆ. ಅವಳು “ಹೂಂ” ಎನ್ನುತ್ತಾಳೆ. ಅವರು ಎದ್ದು, ಮೊದಲೇ ತೆರೆದಿಟ್ಟ ಪೇಟಿಯ ತಿದಿ ಒತ್ತಿ, ಅರದಿಂದ ಎರಡೇ ಎರಡು ಸಲ ಕೆರೆದು, ಕೇಳಿ, ಮತ್ತೊಮ್ಮೆ ಕೆರೆದು, ಅಷ್ಟರಲ್ಲಿ ಕೈ ಎತ್ತಿಬಿಡುತ್ತಾರೆ. ಅರ್ಧ ನಿಮಿಷಕ್ಕೆ ಆದಷ್ಟು. ಇರಬಹುದು ಎನ್ನುವಲ್ಲಿ ನಿಲ್ಲಿಸುವುದಿಲ್ಲ. ಮತ್ತೆ ಕಾರ್ಡು, ಮತ್ತೆ ಒಂದು ನಿಮಿಷ. ಮೊದಲು ಒಂದು ಮಧ್ಯಾಹ್ನಕ್ಕೆ ಮುಗಿಯುತ್ತಿದ್ದ ಕೆಲಸ ಮೂರು ದಿನ ಹಿಡಿಯಿತು. ಭಾತಂಬ್ರಾದ ಮನೆಯ ಕೆಲಸ ತಡವಾಯಿತು, ಆಮ್ರಪಾಲಿ ಅವರಿಗೆ ಏನೋ ಒಂದು ನೆಪ ಹೇಳಿದಳು. ಕೇಶರಬಾಯಿ ಊಟದ ಡಬ್ಬಿ ತಂದವರು, ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ, “ಇಬ್ರಿಗೂ ಹುಚ್ಚು ಹಿಡದದ,” ಎಂದು ಡಬ್ಬಿ ಇಟ್ಟು ಹೋದರು. ಶನಿವಾರ ಸಂಜೆ ನಾಲ್ಕಕ್ಕೆ ಕೊನೆಯ ರೀಡು ಸರಿಹೋಯಿತು.

ಸೋಮವಾರ ಸುಭದ್ರಾಬಾಯಿ ಬೆಳಗಿನ ಬಸ್ಸಿಗೇ ಬಂದರು. ಚಾಪೆಯ ಮೇಲೆ ಕೂತು, ಸೆರಗು ಹೊದ್ದು, ತಿದಿಗೆ ಕೈಯಿಟ್ಟರು. ಕೆಳಗಿನಿಂದ ಒಂದೊಂದೇ ಸ್ವರ ಹತ್ತಿದರು. ಮಾಸ್ತರರ ಕಿವಿಯಲ್ಲಿ ಆಗ ಸದ್ದು ತುಂಬಿತ್ತು. ಮೇಲಿನ ಮೂರು ಹೇಗಿವೆಯೋ ಅವರಿಗೆ ಗೊತ್ತಾಗಲಿಲ್ಲ. ಅವರು ಸುಭದ್ರಾಬಾಯಿಯವರ ಮುಖ ನೋಡುತ್ತ ಕೂತರು. ಬೆರಳು ಎಲ್ಲೂ ನಿಲ್ಲದೆ ಕೊನೆಯವರೆಗೆ ಹೋಗಿ, ಇಳಿದು ಬಂತು. ಆ ಮುಖ ಸಡಿಲವಾಯಿತು. ಆದರೂ ಮಾಸ್ತರರಿಗೆ ಸಾಲಲಿಲ್ಲ. ಒಳ್ಳೆಯ ಹೆಂಗಸು, ಮನಸ್ಸು ನೋಯಿಸಬಾರದೆಂದು ಸುಮ್ಮನಿರಬಹುದು.

ಅವರು ಮಗಳ ಕಡೆ ನೋಡಿದರು. ಮಗಳಿಗೆ ತಿಳಿಯಿತು.

“ಆಯಿ, ಒಂದ್ ನಿಮಿಷ ತಡಿರಿ,” ಎಂದಳು ಆಮ್ರಪಾಲಿ. ಇರುವುದನ್ನು ಇದ್ದಂತೆ ಹೇಳಿದಳು: ಪಪ್ಪಾನ ಕಿವಿಯ ಸದ್ದು, ಕಾರ್ಡಿನ ಸದ್ದು, ನಡುವೆ ಸಿಗುವ ಅರ್ಧ ನಿಮಿಷ. ಮಾಸ್ತರರು ನೆಲ ನೋಡುತ್ತಿದ್ದರು. ಅವರ ಗುಟ್ಟು ಮೊದಲ ಸಲ ಮನೆಯ ಹೊರಗಿನವರ ಮುಂದೆ ಬಿಚ್ಚಿತ್ತು.

ಸುಭದ್ರಾಬಾಯಿ ಅಯ್ಯೋ ಪಾಪ ಎನ್ನಲಿಲ್ಲ. “ಅರ್ಧ ನಿಮಿಷ ಅಂದ್ರ ಒಂದು ವಚನ ಹಿಡಸಂಗಿಲ್ಲ,” ಎಂದು ಲೆಕ್ಕ ಹಾಕಿ, “ಇರ್ಲಿ. ಹಾಕವ್ವಾ ನಿನ್ನ ಪೇಟಿ,” ಎಂದರು.

ಕಾರ್ಡು ಹಾಡಿತು, ಇನ್ನೂರ ಹನ್ನೆರಡರಲ್ಲಿ. ಮಾಸ್ತರರು ಕಿವಿ ಕೊಟ್ಟು ಕೂತರು. ಬಿಸಿಲು ಮಗಳ ಮೇಜಿನ ಮೇಲಿತ್ತು. ಒಂದು ನಿಮಿಷವಾಯಿತು, ಆಮ್ರಪಾಲಿ “ಹೂಂ” ಎಂದಳು.

ಆ ನಿಶ್ಶಬ್ದದೊಳಗೆ ಸುಭದ್ರಾಬಾಯಿ ಮೇಲಿನ ಮೂರು ಸ್ವರಗಳನ್ನು ಒಂದೊಂದಾಗಿ ಹಿಡಿದು ತೋರಿಸಿದರು. ಆಮೇಲೆ ಕರಿ ಎರಡಕ್ಕೆ ಇಳಿದು, ವಚನವಿಲ್ಲದೆ, ಮಾತಿಲ್ಲದೆ, ಬರಿಯ ಷಡ್ಜವನ್ನು ದನಿಯಲ್ಲಿ ಹಿಡಿದರು. ಎಪ್ಪತ್ತು ದಾಟಿದ ಉಸಿರು. ಪೇಟಿಯ ಎರಡು ರೀಡು, ಅವರ ದನಿ, ಮೂರೂ ಸೇರಿ ಒಂದೇ ಆಯಿತು. ಮಾಸ್ತರರು ಕಣ್ಣು ಮುಚ್ಚಿದರು. ಗೋಡೆಗೆ ಬೆನ್ನು ಹಚ್ಚಿ ಕೂತಿದ್ದರು, ಎಂಟು ವರ್ಷದವರಿದ್ದಾಗ ಕೂತಂತೆ, ಆದರೆ ಈಗ ಒಳಗೆ. ಎಲ್ಲಿಯೂ ಅಲೆ ಇರಲಿಲ್ಲ.

ಕಿವಿಯ ಸದ್ದು ತಿರುಗಿ ಬಂದಾಗ ಸುಭದ್ರಾಬಾಯಿ ಇನ್ನೂ ಆ ಉಸಿರನ್ನು ಬಿಟ್ಟಿರಲಿಲ್ಲ.

“ಸರಿ ಅದ,” ಎಂದರು ಮಾಸ್ತರರು. ಯಾರೂ ಕೇಳಿರಲಿಲ್ಲ. ಮಳೆಗಾಲದಿಂದೀಚೆಗೆ ಆ ಮಾತನ್ನು ಇನ್ನೊಬ್ಬರ ಮುಖ ನೋಡದೆ ಹೇಳಿದ್ದು ಅದೇ ಮೊದಲು.